ಹಿಂಗಾರಿ ಗುಲಾಬಿ

ಯಾದಗಿರಿಯ ಸ್ಟೇಷನ್ ರಸ್ತೆಯ ಅಂಗಡಿಗಳ ಬಾಗಿಲಲ್ಲಿ ತಲೆಕೆಳಗಾಗಿ ನೇತುಹಾಕಿದ ಲೋಳೆಸರ ಈಗಲೂ ಕಣ್ಣಿಗೆ ಬೀಳುತ್ತದೆ. ಬೇರು ಮೇಲೆ, ಎಲೆ ಕೆಳಗೆ, ಸುತ್ತಿದ ಕರಿ ದಾರ, ಪಕ್ಕದಲ್ಲೊಂದು ನಿಂಬೆಹಣ್ಣು, ನಾಲ್ಕು ಮೆಣಸಿನಕಾಯಿ. ದೃಷ್ಟಿ ತಾಗದಿರಲಿ ಎಂದು ಕಟ್ಟಿದ್ದು. ನಿಂಬೆಹಣ್ಣು ಬೇಗ ಸುಕ್ಕುತ್ತದೆ, ಮೆಣಸಿನಕಾಯಿ ಒಣಗುತ್ತದೆ. ಲೋಳೆಸರ ಮಾತ್ರ ಮಣ್ಣಿಲ್ಲದೆ, ನೀರಿಲ್ಲದೆ ತಿಂಗಳುಗಟ್ಟಲೆ ಹಸಿರಾಗಿಯೇ ಇದ್ದು, ತುದಿಗಳನ್ನು ಬೆಳಕಿನ ಕಡೆ ಮೇಲಕ್ಕೆ ಬಾಗಿಸಿಕೊಳ್ಳುತ್ತದೆ. ಈ ಭಾಗದ ವಿಜ್ಞಾನ ಮಾಸ್ತರರೊಬ್ಬರು ಸಸ್ಯಶಾಸ್ತ್ರದ ಪಾಠವನ್ನು ಈ ಗಿಡದಿಂದಲೇ ಶುರು ಮಾಡುತ್ತಿದ್ದರು. “ದೃಷ್ಟಿ ತಗೀತದೋ ಇಲ್ಲೋ ಆಮ್ಯಾಲ ನೋಡೋಣು. ಇದು ಸಾಯಲಾರದ ಹ್ಯಾಂಗ ಅದ, ಮೊದಲ ಅದನ್ನ ಹೇಳ್ರಿ.”

ಊರವರ ಬಾಯಲ್ಲಿ ಅವರು ‘ಗಿಡದ ಮಾಸ್ತರ್’. ಮೊದಲು ಸುರಪುರ, ಆಮೇಲೆ ಶಹಾಪುರ, ಕೊನೆಗೆ ಯಾದಗಿರಿ. ಸೇವೆಯೆಲ್ಲ ಈ ಮೂರು ಊರುಗಳಲ್ಲೇ ಕಳೆಯಿತು. 2009ರ ಕೊನೆಯಲ್ಲಿ ಯಾದಗಿರಿ ಗುಲಬರ್ಗಾದಿಂದ ಬೇರೆಯಾಗಿ ಜಿಲ್ಲೆಯಾದಾಗ ಅವರು ನಿವೃತ್ತಿಯ ಅಂಚಿನಲ್ಲಿದ್ದರು. ಅವರ ಕೈಯಲ್ಲಿ ಕಲಿತವರು ಪ್ರಯೋಗಶಾಲೆಯ ಗಾಜಿನ ಸಾಮಾನುಗಳನ್ನು ನೆನೆಯುವುದಿಲ್ಲ. ಇದ್ದ ಸಾಮಾನೂ ಬೀರುವಿನಲ್ಲಿ ಬೀಗದೊಳಗಿರುತ್ತಿತ್ತು. ಅವರಿಗೆಲ್ಲ ನೆನಪಿರುವುದು ಕಾಡುಬಸಳೆ ಎಲೆಯ ರುಚಿ.

ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ಹುಡುಗರಿಗೆ ಎಲೆಯ ಒಂದು ಚೂರು ಕೊಟ್ಟು, ನಾಲಿಗೆಗೆ ತಾಗಿಸಿ ಉಗುಳಲು ಹೇಳುತ್ತಿದ್ದರು. ನುಂಗಬಾರದು ಎಂಬುದು ಕಟ್ಟುನಿಟ್ಟಿನ ಮಾತು, ಏಕೆಂದರೆ ಆ ಗಿಡದಲ್ಲಿ ದನಗಳ ಹೃದಯಕ್ಕೇ ಪೆಟ್ಟು ಕೊಡುವ ವಿಷದ ಅಂಶವಿದೆ. ಬೆಳಿಗ್ಗೆ ಎಲೆ ಹುಳಿ. ಅದೇ ಗಿಡದ ಎಲೆ ಮಧ್ಯಾಹ್ನ ಊಟದ ಗಂಟೆ ಹೊಡೆಯುವ ಹೊತ್ತಿಗೆ ಸಪ್ಪೆ. ಸಂಜೆ ಶಾಲೆ ಬಿಡುವಾಗ ಸ್ವಲ್ಪ ಕಹಿ. “ಸರ್, ಮುಂಜಾನಿ ಹುಳಿ ಎಲ್ಲಿಗಿ ಹೋಯ್ತು?” ಎಂದು ಯಾರಾದರೂ ಕೇಳಿದರೆ ಅವತ್ತಿನ ಪಾಠ ಗೆದ್ದಂತೆ.

ಈ ಪ್ರಶ್ನೆಗೆ ಕರ್ನಾಟಕದ ನಂಟೂ ಇದೆ. ಟಿಪ್ಪು ಸುಲ್ತಾನನ ನಂತರ, 1800ರಲ್ಲಿ, ಬೆಂಗಳೂರಿನ ಲಾಲ್‌ಬಾಗ್ ಈಸ್ಟ್ ಇಂಡಿಯಾ ಕಂಪನಿಯ ಸಸ್ಯತಜ್ಞ ಬೆಂಜಮಿನ್ ಹೈನೆಯ ಸುಪರ್ದಿಗೆ ಬಂತು. ಕಾಡುಬಸಳೆ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆ ಕಹಿ ಎಂದು ಗುರುತಿಸಿ ಬರೆದವನು ಇದೇ ಹೈನೆ. ಲ್ಯಾಂಬರ್ಟ್ ಎಂಬ ಸಸ್ಯತಜ್ಞನಿಗೆ 1813ರಲ್ಲಿ ಬರೆದ ಅವನ ಪತ್ರ 1815ರಲ್ಲಿ ಲಿನ್ನಿಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ಕಾರಣ ಬಿಡಿಸಿದವರು ಬಹಳ ಕಾಲದ ನಂತರದ ವಿಜ್ಞಾನಿಗಳು. ಇಂಥ ಗಿಡಗಳು ಹಗಲಿನ ಬಿಸಿಲಿಗೆ ಎಲೆಯ ಸೂಕ್ಷ್ಮರಂಧ್ರಗಳನ್ನು ಮುಚ್ಚಿಕೊಂಡಿದ್ದು ರಾತ್ರಿ ತೆರೆಯುತ್ತವೆ. ಆಗ ಒಳಗೆ ಬಂದ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟುಕೊಂಡು, ಮರುದಿನ ಬಾಗಿಲು ಮುಚ್ಚಿಯೇ ಅದನ್ನು ಖರ್ಚು ಮಾಡಿ ಸಕ್ಕರೆ ತಯಾರಿಸುತ್ತವೆ. ಹೀಗಾಗಿ ನೀರು ಆವಿಯಾಗಿ ಹೋಗುವುದು ತೀರಾ ಕಡಿಮೆ. ಅಂಗಡಿ ಬಾಗಿಲ ಲೋಳೆಸರ ಬದುಕುವುದೂ ಇದೇ ಲೆಕ್ಕದಲ್ಲಿ.

ಆದರೆ ಈ ಲೆಕ್ಕಕ್ಕೆ ಒಂದು ಷರತ್ತಿದೆ. ರಾತ್ರಿ ತಂಪಾಗಿರಬೇಕು.

ಸುರಪುರದಲ್ಲಿ ಆ ಷರತ್ತು ಬೇಸಿಗೆಯಲ್ಲಿ ಮುರಿದುಬೀಳುತ್ತದೆ. ನಾಯಕ ಅರಸರ ರಾಜಧಾನಿಯಾಗಿದ್ದ ಈ ಊರು ಗ್ರಾನೈಟ್ ಗುಡ್ಡಗಳ ನಡುವೆ ಕೂತಿದೆ. ಮೇ ತಿಂಗಳ ಹಗಲು 42 ಡಿಗ್ರಿ ಮುಟ್ಟುವುದು ಇಲ್ಲಿ ಸುದ್ದಿಯೇ ಅಲ್ಲ. ಹಗಲಿಡೀ ಕುಡಿದ ಶಾಖವನ್ನು ಬಂಡೆಗಳು ರಾತ್ರಿ ನಿಧಾನವಾಗಿ ಹೊರಹಾಕುತ್ತವೆ. ಮಾಳಿಗೆ ಮೇಲೆ ಹಾಸಿಗೆ ಹಾಸಿದವರಿಗೆ ಎಷ್ಟು ಹೊತ್ತಾದರೂ ಬೆನ್ನು ತಣ್ಣಗಾಗುವುದಿಲ್ಲ. 1841ರಲ್ಲಿ ಇಲ್ಲಿಗೆ ಬಂದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ತನ್ನ ಬಂಗಲೆಯನ್ನು, ಅಂದರೆ ಈಗಿನ ಟೇಲರ್ ಮಂಜಿಲನ್ನು, ಗುಡ್ಡದ ಮೇಲೆ ಕಟ್ಟಿಸಿಕೊಂಡ. ಮಾಸ್ತರರು ಹುಡುಗರನ್ನು ಅಲ್ಲಿಗೆ ಹತ್ತಿಸಿಕೊಂಡು ಹೋಗಿ, ಕೆಳಗಿನ ಊರನ್ನೂ ಮೇಲಿನ ಗಾಳಿಯನ್ನೂ ಒಟ್ಟಿಗೆ ತೋರಿಸುತ್ತಿದ್ದರು. “ಸಾಹೇಬ ಶ್ಯಾಣ್ಯಾ ಇದ್ದ, ಗಾಳಿ ಇದ್ದಲ್ಲಿ ಮನಿ ಕಟ್ಟಿಸ್ಯಾನ. ಗಿಡಕ್ಕ ಕಾಲಿಲ್ಲ, ಅದು ಇದ್ದಲ್ಲೇ ಉಪಾಯ ಹುಡುಕ್ತದ.”

ಉಪಾಯ ಕಂಡುಕೊಂಡ ಗಿಡಗಳು ಅದೇ ಬಂಡೆಗಳ ಸಂದಿಯಲ್ಲಿದ್ದವು. ಮಾಸ್ತರರಿಗೆ ಅತಿ ಪ್ರೀತಿಯದು ಎಲೆಗಳ್ಳಿ. ಹೊಲದ ಬದುವಿನಲ್ಲಿ ಬೇಲಿಯಾಗಿ ನಿಂತಾಗ ಪೊದೆಯಂತೆ ಕಾಣುವ ಇದು, ಕಡಿಯದೆ ಬಿಟ್ಟರೆ ಆಳೆತ್ತರ ದಾಟಿ ಮರವೇ ಆಗುತ್ತದೆ. ತಿರುಳು ತುಂಬಿದ ದಪ್ಪ ಕೊಂಬೆ, ಜೋಡಿಜೋಡಿ ಮುಳ್ಳು, ಕೊಂಬೆಯ ತುದಿಯಲ್ಲಿ ಮಾತ್ರ ದಪ್ಪ ಹಸಿರೆಲೆಗಳ ಒಂದು ಗುಚ್ಛ. ಮುಂಗಾರು ಬಿದ್ದಾಗ ಎಲೆ ಬಿಡುತ್ತದೆ, ಒಣಹವೆ ಬಲಿತಾಗ ಉದುರಿಸಿ ಬೋಳಾಗುತ್ತದೆ. ಹಸಿರು ಕೊಂಬೆಯೇ ಎಲೆಯ ಕೆಲಸ ಮಾಡುವುದರಿಂದ ಬೋಳಾದರೂ ಉಪವಾಸವಿಲ್ಲ. ದುಡ್ಡು ಕೊಟ್ಟು ತರುವ ವಿದೇಶಿ ಗಿಡದಲ್ಲಿ ಜನ ಮೆಚ್ಚುವುದೂ ಇದೇ ರೂಪವನ್ನು: ಕೆಳಗೆ ಮರದಂಥ ಕಾಂಡ, ಮೇಲೆ ಹೂವಿನಂತೆ ಅರಳಿದ ಎಲೆಸುತ್ತು.

ಎಲೆಗಳ್ಳಿ ಎಂದು ಕರೆಯುವುದರಲ್ಲಿ ಎರಡು ಬೇರೆ ಬೇರೆ ಗಿಡಗಳಿವೆ. ಅವನ್ನು ಬಿಡಿಸಿ ನೋಡುವುದನ್ನು ಮಾಸ್ತರರು ಕೈಯಿಂದ ಕಲಿಸಿದರು. ಕೊಂಬೆಯ ಮೇಲೆ ಮುಳ್ಳಿನ ಗಂಟುಗಳು ಐದು ಸಾಲಾಗಿ, ಹಗ್ಗ ಹೊಸೆದಂತೆ ತಿರುಚಿಕೊಂಡು ಏರಿದ್ದರೆ ಅದು ಯೂಫೋರ್ಬಿಯಾ ನೆರಿಫೋಲಿಯಾ, ಆಯುರ್ವೇದದ ಸ್ನುಹಿ. ಕೊಂಬೆ ಏಣಿಲ್ಲದೆ ಉರುಟಾಗಿದ್ದು, ಚಪ್ಪಟೆ ಗಂಟುಗಳಿಂದ ಜೋಡಿ ಮುಳ್ಳು ಹೊರಟಿದ್ದರೆ ಯೂಫೋರ್ಬಿಯಾ ನಿವುಲಿಯಾ. ಈ ಎರಡನೆಯದಕ್ಕೆ ಹೆಸರಿಟ್ಟವನು 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್. ಮೂರು ರೆಕ್ಕೆಯಂತೆ ಚೂಪಾದ ಏಣುಗಳಿದ್ದು ಎಲೆಯೇ ಕಾಣದಂತಿದ್ದರೆ ಅದು ಎಲೆಗಳ್ಳಿಯ ದಾಯಾದಿ, ಯೂಫೋರ್ಬಿಯಾ ಆಂಟಿಕ್ವೋರಮ್. ಗುಲಬರ್ಗಾ ವಿಶ್ವವಿದ್ಯಾಲಯದ ವೈ. ಎನ್. ಸೀತಾರಾಮ್ ಮತ್ತು ಸಂಗಡಿಗರು 2000ರಲ್ಲಿ ಗುಲಬರ್ಗಾ ಜಿಲ್ಲೆಯ ಸಸ್ಯವರ್ಗದ ಗ್ರಂಥ ಹೊರತಂದಾಗ ಈಗಿನ ಯಾದಗಿರಿಯ ತಾಲ್ಲೂಕುಗಳೂ ಅದೇ ಜಿಲ್ಲೆಯೊಳಗಿದ್ದವು. ಅದು ಬಂದ ಮೇಲೆ ಮಾಸ್ತರರಿಗೆ ತಮ್ಮ ಟಿಪ್ಪಣಿಗಳನ್ನು ತಾಳೆ ನೋಡಲು ಒಂದು ಆಧಾರ ಸಿಕ್ಕಿತು.

ಕಳ್ಳಿಯ ಹಾಲಿನ ವಿಷಯದಲ್ಲಿ ಅವರು ಬಹಳ ನಿಷ್ಠುರ. ಕುರಿ ಕಾಯುವ ಹುಡುಗನೊಬ್ಬ ಬೇಲಿ ಕಡಿಯುವಾಗ ಕಣ್ಣಿಗೆ ಹಾಲು ಸಿಡಿಸಿಕೊಂಡು ಓಡಿಬಂದದ್ದನ್ನು ಅವರು ಪ್ರತಿ ವರ್ಷದ ತಂಡಕ್ಕೂ ಹೇಳುತ್ತಿದ್ದರು. ಕೊಡದ ನೀರನ್ನು ಸುರಿದು ಸುರಿದು ಕಣ್ಣು ತೊಳೆಸಿ, ಬಸ್ಸು ಹತ್ತಿಸಿ ದವಾಖಾನೆಗೆ ಕಳಿಸಿದ ಮೇಲೆ ಕೆಲವು ದಿನಕ್ಕೆ ಆ ಹುಡುಗನ ದೃಷ್ಟಿ ತಿಳಿಯಾಯಿತು. ಕಳ್ಳಿ ಹಾಲು ಕಣ್ಣಿನ ಕಪ್ಪುಗುಡ್ಡೆಯ ಮೇಲ್ಪದರವನ್ನು ಸುಡುತ್ತದೆ. ತಡಮಾಡಿದರೆ ದೃಷ್ಟಿಗೇ ಸಂಚಕಾರ. ನಾಟಿ ಔಷಧಿ ಎಂದು ಆ ಹಾಲನ್ನು ಮಕ್ಕಳಿಗೆ ಹಚ್ಚುವವರನ್ನು ಕಂಡರೆ ಮಾಸ್ತರರ ದನಿ ಏರುತ್ತಿತ್ತು.

ಕತ್ತಾಳೆಯ ಕತೆ ಬೇರೆ. ಅದು ಮೆಕ್ಸಿಕೋ ಕಡೆಯಿಂದ ಬಂದ ಗಿಡ. ಮುಂಬೈ ಕಡೆಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ (ಜಿಐಪಿ) ರೈಲ್ವೆಯ ಹಳಿ 1871ರಲ್ಲಿ ರಾಯಚೂರು ಮುಟ್ಟಿತು. ಯಾದಗಿರಿ ಆ ಹಳಿಯ ಮೇಲಿನ ಊರು. ದನ ನುಗ್ಗದಂತೆ ಹಳಿಯ ಬದಿಗೆ ಕತ್ತಾಳೆ ನೆಡುವುದು ಆ ಕಾಲದ ರೈಲ್ವೆಗಳ ರೂಢಿ. ಹಳ್ಳಿಯವರು ಅದರ ಎಲೆಯನ್ನು ನೀರಲ್ಲಿ ಕೊಳೆಹಾಕಿ ನಾರು ತೆಗೆದು ಹಗ್ಗ ಹೊಸೆದರು. ಕೊಳೆಹಾಕಿದ ನೀರಿಗೆ ಇಳಿದವರ ಕಾಲು ತುರಿಸುತ್ತಿದ್ದುದನ್ನು ಹಿರಿಯರು ಇನ್ನೂ ಹೇಳುತ್ತಾರೆ.

ಶಹಾಪುರಕ್ಕೆ ವರ್ಗವಾದ ಮೇಲೆ ಮಾಸ್ತರರ ಬಾಡಿಗೆ ಮನೆಯ ಹಿಂದಿದ್ದ ಹಳೆಯ ಕತ್ತಾಳೆಯೊಂದು ಹೂಗಂಬ ಎತ್ತಿತು. ಬೆಳಿಗ್ಗೆಗೂ ಸಂಜೆಗೂ ಎತ್ತರದಲ್ಲಿ ವ್ಯತ್ಯಾಸ ಕಾಣುವಷ್ಟು ವೇಗ. ವಿದ್ಯುತ್ ಕಂಬದ ಎತ್ತರ ಬಂದು, ಕವಲೊಡೆದು, ಹಳದಿ ಹೂ ಬಿಟ್ಟಿತು. ಅಷ್ಟರಲ್ಲಿ ಕೆಳಗಿನ ಎಲೆಗಳು ಒಂದೊಂದಾಗಿ ಸುಕ್ಕತೊಡಗಿದವು. ಮನೆಯ ಒಡತಿಗೆ ಗಾಬರಿ. “ಸರ್, ಹಿಂಗ ಹೂ ಬಿಟ್ಟು ಸತ್ರ ಮನಿಗಿ ಛಲೋ ಅಲ್ಲಂತಾರ.” ಮಾಸ್ತರರು ಬುಡದಲ್ಲಿ ಎದ್ದಿದ್ದ ಮರಿಗಳನ್ನು ತೋರಿಸಿದರು. “ಅಮ್ಮಾ, ಇದು ಜಲ್ಮಕ್ಕ ಒಂದ ಸಲ ಹೂ ಬಿಡೋ ಜಾತಿ. ವರ್ಷಾನುಗಟ್ಟಲೆ ಕೂಡಿಟ್ಟಿದ್ದನ್ನ ಒಂದ ಸಲಕ್ಕ ಖರ್ಚು ಮಾಡ್ಯದ. ಮಕ್ಕಳು ಇಲ್ಲೇ ಅದಾವ ನೋಡ್ರಿ.”

ಲೋಳೆಸರಕ್ಕೂ ಕತ್ತಾಳೆಗೂ ಇರುವ ಅಂತರವನ್ನು ಅವರು ಹುಡುಗರಿಗೆ ತಿಳಿಸಿದ್ದು ಇಲ್ಲಿಂದಲೇ. ಲೋಳೆಸರದ ಹೂಕಡ್ಡಿ ಎಲೆಗಳ ಸಂದಿನಿಂದ ಬರುತ್ತದೆ, ಹೂ ಮುಗಿದರೂ ಗಿಡ ಉಳಿಯುತ್ತದೆ. ಕತ್ತಾಳೆಯ ಕಂಬ ಸುತ್ತಿನ ನಟ್ಟನಡುವಿನಿಂದಲೇ ಏಳುತ್ತದೆ, ಗಿಡ ಅಲ್ಲಿಗೆ ಮುಗಿಯಿತು. ಹೂವಿಲ್ಲದಿದ್ದರೆ ಎಲೆ ಮುರಿದು ನೋಡಬೇಕು: ಲೋಳೆಸರ ಪಟ್ಟನೆ ಮುರಿದು ಲೋಳೆ ಸುರಿಸುತ್ತದೆ, ಕತ್ತಾಳೆ ನಾರು ಬಿಡದೆ ಜಗ್ಗುತ್ತದೆ. ಯುಕ್ಕಾ ಎಂದು ಮಾರುವ ಗಿಡಕ್ಕೆ ನಿಜವಾದ ಕಾಂಡವಿದೆ, ಎಲೆ ತೆಳ್ಳಗೆ ಚರ್ಮದಂತಿದೆ, ಅದು ವರ್ಷ ವರ್ಷವೂ ಹೂ ಬಿಡಬಲ್ಲದು.

ಶಹಾಪುರದಲ್ಲೇ ಅವರು ಕೊನೆಗೆ ಸ್ವಂತ ಮನೆ ಕಟ್ಟಿದರು. ಊರ ಪಕ್ಕದ ಗುಡ್ಡಗಳ ಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುವುದನ್ನು ದಾರಿಹೋಕರು ಬಸ್ಸಿನ ಕಿಟಕಿಯಿಂದ ನೋಡುತ್ತಾರೆ. ಗುಡ್ಡದ ಬುಡದಲ್ಲಿ ಗರಸು, ಬಯಲಿಗೆ ಇಳಿದರೆ ಎರೆ. ಮಾಸ್ತರರ ನಿವೇಶನ ಎರೆಭೂಮಿಯದು. ಹತ್ತಿ, ತೊಗರಿ, ಬಿಳಿಜೋಳಕ್ಕೆ ಹೇಳಿ ಮಾಡಿಸಿದ ಆ ಮಣ್ಣು, ಎಲೆ-ಕಾಂಡಗಳಲ್ಲಿ ನೀರು ಕೂಡಿಡುವ ಇಂಥ ತಿರುಳುಗಿಡಗಳಿಗೆ ಯಮ. ಮಳೆಗಾಲದಲ್ಲಿ ಉಬ್ಬಿ ನೀರು ಹಿಡಿದುಕೊಳ್ಳುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಅವರು ಅಂಗಳದ ಒಂದು ಭಾಗದಲ್ಲಿ ಮನೆಗೆ ಹಾಸಿ ಉಳಿದ ಶಹಾಬಾದ್ ಪರಸಿ ಚೂರುಗಳನ್ನು ನಿಲ್ಲಿಸಿ ಮೊಣಕಾಲೆತ್ತರದ ಕಟ್ಟೆ ಮಾಡಿದರು. ತಳಕ್ಕೆ ಒಡೆದ ಇಟ್ಟಿಗೆ, ಅದರ ಮೇಲೆ ಗರಸು, ಮೇಲೆ ಗರಸಿಗೆ ದಪ್ಪ ಉಸುಕು ಮತ್ತು ಸ್ವಲ್ಪವೇ ಹಳೆಯ ತಿಪ್ಪೆಗೊಬ್ಬರ ಬೆರೆಸಿದ ಪದರ. ಎರೆಮಣ್ಣಿನ ಒಂದು ಬುಟ್ಟಿಯನ್ನೂ ಸೇರಿಸಗೊಡಲಿಲ್ಲ. ನೋಡಿದ ನೆಂಟರಿಗೆ ಅದು ಕಟ್ಟಡದ ಕಸ ಸುರಿದ ಜಾಗದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಒಂದು ಎಳ್ಳ ಅಮಾವಾಸ್ಯೆಯ ಆಸುಪಾಸಿನಲ್ಲಿ, ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ತಾಯಿಗೆಂದು ತಂದ ಗಿಡವನ್ನು ಮೊದಲು ಮಾಸ್ತರರಿಗೆ ತೋರಿಸಲು ಬಂದ. ಗೇಣುದ್ದದ ಬೂದು ಕಾಂಡ, ಉದುರಿದ ಎಲೆಗಳ ಕಲೆ, ಮೂರ್ನಾಲ್ಕು ಕವಲು. ಪ್ರತಿ ಕವಲಿನ ತುದಿಯಲ್ಲೂ ಕಪ್ಪೆನ್ನುವಷ್ಟು ಕಡುನೇರಳೆ ಎಲೆಗಳು ಒಂದರ ಮೇಲೊಂದು ಸುತ್ತಿಕೊಂಡು ದೊಡ್ಡ ಗುಲಾಬಿಯಂತೆ ಅರಳಿದ್ದವು. ಸುತ್ತಿನ ನಡುವೆ ಮಾತ್ರ ತಿಳಿಹಸಿರು. ನರ್ಸರಿಯವರು ಕೊಟ್ಟ ಹೆಸರು ‘ಕಪ್ಪು ಗುಲಾಬಿ ಕಳ್ಳಿ’. ಗುಲಾಬಿಯೂ ಅಲ್ಲ, ಕಳ್ಳಿಯೂ ಅಲ್ಲ. ಮಾಸ್ತರರು ಎಲೆಯ ಅಂಚನ್ನು ಬೆಳಕಿಗೆ ಹಿಡಿದು ಸಣ್ಣ ರೋಮಗಳ ಸಾಲನ್ನು ಕಂಡರು, ಕಾಂಡದಿಂದ ಇಳಿದ ದಾರದಂಥ ಗಾಳಿಬೇರು ನೋಡಿದರು. ಪುಸ್ತಕ ತೆಗೆದು ಹೇಳಿದ ಹೆಸರು ಇಯೋನಿಯಂ ಅರ್ಬೋರಿಯಂ. ಕಪ್ಪು ತಳಿ ಜ್ವಾರ್ಟ್‌ಕಾಪ್.

ಹುಳಿ ಎಲೆಯ ಕಾಡುಬಸಳೆ ಸೇರುವ ಕ್ರಾಸುಲೇಸಿ ಕುಟುಂಬವೇ ಇದರದೂ. ಲಿನ್ನೇಯಸ್ 1753ರಲ್ಲಿ ಇದನ್ನು ಬೇರೆ ಕುಲದಲ್ಲಿ ಸೇರಿಸಿದ್ದ. 1840ರಲ್ಲಿ ವೆಬ್ ಮತ್ತು ಬರ್ತಲೋ ಇಯೋನಿಯಂ ಕುಲಕ್ಕೆ ತಂದರು. ಈ ಕುಲದ ಬಹುಪಾಲು ಗಿಡಗಳ ತವರು ಆಫ್ರಿಕದ ವಾಯವ್ಯ ಕರಾವಳಿಗೆ ಎದುರಾಗಿ ಅಟ್ಲಾಂಟಿಕ್ ಸಾಗರದಲ್ಲಿರುವ ಕೆನರಿ ದ್ವೀಪಗಳು. ಅಲ್ಲಿ ಮಳೆ ಚಳಿಗಾಲದಲ್ಲಿ. ಬೇಸಿಗೆ ಒಣಗಿದ್ದರೂ ಸಮುದ್ರದ ಗಾಳಿಯಿಂದ ರಾತ್ರಿಗಳು ಹಿತವಾಗಿರುತ್ತವೆ. ಗಿಡ ಚಳಿಗಾಲದಲ್ಲಿ ಬೆಳೆದು, ಬೇಸಿಗೆಯಲ್ಲಿ ಎಲೆಸುತ್ತನ್ನು ಮೊಗ್ಗಿನಂತೆ ಬಿಗಿದುಕೊಂಡು ಮಲಗುತ್ತದೆ.

ಆ ತಾಯಿಯ ಮನೆಯಲ್ಲಿ ಗಿಡ ಸಂಕ್ರಾಂತಿ, ಶಿವರಾತ್ರಿಯವರೆಗೆ ಮಿರಮಿರ ಮಿಂಚಿತು. ಯುಗಾದಿಯ ಹೊತ್ತಿಗೆ ಕೆಳಗಿನ ಎಲೆ ಉದುರಿ, ಸುತ್ತು ಚಿಕ್ಕದಾಗಿ ಮುಚ್ಚಿಕೊಂಡಿತು. “ಬಾಡ್ಲತ್ತದ ನೋಡ್ರಿ ಸರ್” ಎಂದು ಆಕೆ ಹೇಳಿಕಳಿಸಿದರು. ಅಷ್ಟರಲ್ಲೇ ದಿನಾ ಒಂದು ತಂಬಿಗೆ ನೀರು ಹೆಚ್ಚಿಗೆ ಹಾಕತೊಡಗಿದ್ದರು. ಮೇ ತಿಂಗಳ ಬಿಸಿ ಮಣ್ಣು, ಅದರಲ್ಲಿ ನಿಂತ ನೀರು. ಮೃಗಶಿರಾ ಮಳೆ ಬೀಳುವ ಮೊದಲೇ ಕಾಂಡ ಬುಡದಲ್ಲಿ ಮೆತ್ತಗಾಗಿ ಒರಗಿತು.

ಇದೇ ಸಾವನ್ನು ಮಾಸ್ತರರು ಆಮೇಲೆ ಮೂರೂ ಊರುಗಳ ಹಲವು ಮನೆಗಳಲ್ಲಿ ಕಂಡರು. ಪ್ರತಿಯೊಬ್ಬರೂ ಹೇಳುವ ಕಾರಣ ಬಿಸಿಲು. ಅವರ ತೀರ್ಪು ಬೇರೆಯಿತ್ತು, ಅದನ್ನು ಒಬ್ಬ ರೈತನಿಗೆ ತಿಳಿಯುವ ಮಾತಿನಲ್ಲೇ ಹೇಳುತ್ತಿದ್ದರು: “ಇದು ಹಿಂಗಾರಿ ಬೆಳಿ ಇದ್ದಂಗ. ಬಿಳಿಜ್ವಾಳನ ಯಾರಾದ್ರೂ ಮುಂಗಾರಿಗಿ ಬಿತ್ತತಾರೇನು?” ಬಿಳಿಜೋಳ ಚಿಗುರುವುದು ಮಳೆ ಹಿಂದಾದ ಮೇಲೆ, ತೆನೆಗಟ್ಟುವುದು ಮಂಜು ಬೀಳುವಾಗ. ಇಯೋನಿಯಂ ಕೂಡ ಹಾಗೆ. ಯಾದಗಿರಿಯ ಮಳೆಯ ಬಹುಪಾಲು ಜೂನ್‌ನಿಂದ ಅಕ್ಟೋಬರ್ ಒಳಗೆ ಸುರಿಯುತ್ತದೆ, ಅಂದರೆ ಗಿಡ ಮಲಗಿರುವಾಗ. ಮಲಗಿದ ಬೇರಿಗೆ ನೀರು ಬೇಡ. ಬಿಸಿಯೂ ನೀರೂ ಒಟ್ಟಿಗೆ ಸೇರಿದರೆ ಕೊಳೆರೋಗಕ್ಕೆ ಅದಕ್ಕಿಂತ ಒಳ್ಳೆಯ ಹಬ್ಬವಿಲ್ಲ. ಜೊತೆಗೆ, ಬೆಚ್ಚನೆಯ ರಾತ್ರಿಗಳಲ್ಲಿ ಎಲೆಯ ರಂಧ್ರ ಸರಿಯಾಗಿ ತೆರೆಯದೆ, ಕೂಡಿಟ್ಟದ್ದೂ ಉಸಿರಾಟಕ್ಕೇ ಕರಗಿ ಹೋಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಅಲ್ಲಿ ಬದುಕುವ ಗಿಡ, 400 ಮೀಟರ್ ಆಸುಪಾಸಿನ ಯಾದಗಿರಿ ಸೀಮೆಯಲ್ಲಿ ಸಾಯುತ್ತದೆ. ಗಿಡ ಒಂದೇ, ರಾತ್ರಿ ಬೇರೆ.

ಹೀಗಿದ್ದೂ ಅವರು ಅದನ್ನು ಬೆಳೆಸಿದರು. ಹಟ ಎನ್ನಬಹುದು. ಚಿತ್ತಿ ಮಳೆ ಮುಗಿದು, ಗಾಳಿಯಲ್ಲಿ ಮೊದಲ ತಂಪು ಬಂದಾಗ ಗಿಡದ ಒಂದೊಂದು ಸುತ್ತನ್ನು ನಾಲ್ಕು ಬೆರಳು ಕಾಂಡದೊಂದಿಗೆ ಕತ್ತರಿಸುತ್ತಿದ್ದರು. ಕತ್ತರಿಸಿದ ತುದಿ ಒಣಗಿ ಗಟ್ಟಿಯಾಗುವವರೆಗೆ ಪಡಸಾಲೆಯ ನೆರಳಲ್ಲಿ, ಒಣ ಗೋಣಿಚೀಲದ ಮೇಲೆ. ಆಮೇಲೆ ಮಣ್ಣಿನ ಕುಂಡದಲ್ಲಿ ಒಣ ಉಸುಕು-ಗರಸಿಗೆ ಚುಚ್ಚಿ, ಕೆಲವು ದಿನ ಬಿಟ್ಟೇ ಮೊದಲ ನೀರು. ಎಲೆ ಕಿತ್ತು ನೆಟ್ಟರೆ ಬೇರೊಡೆಯುವುದಿಲ್ಲ ಎಂಬುದನ್ನು ಅವರು ಬೇರೆ ಗಿಡಗಳ ಜೊತೆ ಇಟ್ಟು ತೋರಿಸುತ್ತಿದ್ದರು: ಎಚೆವೇರಿಯಾ ಎಂಬ ಮೆಕ್ಸಿಕೋ ಗಿಡದ ಒಂದು ಎಲೆ ಸಾಕು, ಅದರ ಬುಡದಲ್ಲಿ ಮರಿ ಏಳುತ್ತದೆ, ಇಯೋನಿಯಂ ಎಲೆ ಸುಮ್ಮನೆ ಸುಕ್ಕುತ್ತದೆ. ಎಚೆವೇರಿಯಾ ನೆಲಕ್ಕಂಟಿ ಕೂರುವುದೇ ಹೆಚ್ಚು, ಹೂಕಡ್ಡಿ ಎಲೆಗಳ ಸಂದಿನಿಂದ ಬರುತ್ತದೆ. ಇಯೋನಿಯಂ ಕಾಂಡ ಕಟ್ಟುತ್ತದೆ, ಹಳದಿ ಹೂಗೊಂಚಲು ಸುತ್ತಿನ ನಡುವಿನಿಂದ ಏಳುತ್ತದೆ, ಹೂಬಿಟ್ಟ ಸುತ್ತು ಸಾಯುತ್ತದೆ. ಕವಲಿದ್ದರೆ ಉಳಿದ ಕವಲು ಬದುಕುತ್ತದೆ.

ನವೆಂಬರ್‌ನಿಂದ ಫೆಬ್ರವರಿಯವರೆಗೆ ಬೆಳಗಿನ ಬಿಸಿಲು ಪೂರ್ತಿ ಬೀಳುವ ಪೂರ್ವದ ಕಟ್ಟೆ ಅದರ ಜಾಗ; ನೆರಳಿಗಿಟ್ಟರೆ ಕಪ್ಪು ಬಣ್ಣ ಹಸಿರಿಗೆ ತಿರುಗುತ್ತದೆ. ಹೋಳಿ ಹುಣ್ಣಿಮೆ ದಾಟಿದರೆ ಕುಂಡ ಬಾವಿಕಟ್ಟೆಯ ಪಕ್ಕದ ಬೇವಿನ ನೆರಳಿಗೆ. ಮಳೆ ಶುರುವಾದ ಮೇಲೆ ಅದು ನೇರವಾಗಿ ಬೀಳದ ಜಾಗವೇ ಆಗಬೇಕು. ಬೇಸಿಗೆಯಲ್ಲಿ ಅಪರೂಪಕ್ಕೆ, ಅದೂ ಸೂರ್ಯ ಮುಳುಗಿದ ಮೇಲೆ, ಮಣ್ಣಿನ ಅಂಚು ಒದ್ದೆಯಾಗುವಷ್ಟೇ ನೀರು. ಎಲೆಸುತ್ತಿನ ಒಳಗೆ ಬಿಳಿ ಹಿಟ್ಟು ತಿಗಣೆ ಕಂಡರೆ ಬೇವಿನೆಣ್ಣೆಗೆ ಸಾಬೂನು ಬೆರೆಸಿ ಸಂಜೆ ಒರೆಸುತ್ತಿದ್ದರು. ಇಷ್ಟೆಲ್ಲ ಮಾಡಿದರೂ ಪ್ರತಿ ಬೇಸಿಗೆಗೆ ಕೆಲವು ಗಿಡ ಹೋಗುತ್ತಿದ್ದವು. ಅದಕ್ಕೆ ಮಾಸ್ತರರು ಬೇಸರಪಟ್ಟದ್ದನ್ನು ಯಾರೂ ನೋಡಿಲ್ಲ. ಸೇವಂತಿಗೆಯಂತೆ ಇದೂ ಒಂದು ಋತುವಿನ ಗಿಡ ಎಂದು ಮನಸ್ಸು ಮಾಡಿದ್ದರು.

ಅಂಗಳದ ಶಾಶ್ವತ ಜಾಗವನ್ನು ಮಾತ್ರ ಅವರು ಕೊಟ್ಟದ್ದು ಮುಂಗಾರಿಗೆ ಎಚ್ಚರಾಗುವ ಗಿಡಗಳಿಗೆ. ಗುಡಿ, ದರ್ಗಾಗಳ ಅಂಗಳದಲ್ಲಿ ಎಲ್ಲರೂ ಕಂಡಿರುವ ದೇವಗಣಗಿಲೆಯೇ ಮೊದಲನೆಯದು. ಅದರ ಕೊಂಬೆಯೂ ತಿರುಳು ತುಂಬಿದ್ದು, ತುದಿಯಲ್ಲೇ ಎಲೆಗುಚ್ಛ. ಬೋಳು ಕೊಂಬೆಯನ್ನು ಬೇಸಿಗೆಯಲ್ಲಿ ಕಡಿದು, ಹಾಲು ಒಣಗಿಸಿ, ಗರಸಿನಲ್ಲಿ ಊರಿದರೆ ಮಳೆಗೆ ಚಿಗುರುತ್ತದೆ. ಎರಡನೆಯದು ಎಲೆಗಳ್ಳಿ, ಮನೆಯ ಹಿಂದಿನ ಗೋಡೆಗೆ ಒತ್ತಿ, ಮಕ್ಕಳ ಕೈಗೆ ಸಿಗದಂತೆ. ದಕ್ಷಿಣ ಆಫ್ರಿಕದ ಮರಲೋಳೆಸರ, ಅಲೋ ಅರ್ಬೊರೆಸೆನ್ಸ್, ಬೇಸಿಗೆ ಮಳೆಯ ಸೀಮೆಗೂ ಒಗ್ಗಿದ ಗಿಡವಾದ್ದರಿಂದ ಇಲ್ಲಿ ಬದುಕಿತು. ಚಳಿಗಾಲದಲ್ಲಿ ಕೆಂಪು ಹೂಕಡ್ಡಿ ಎತ್ತಿದರೆ ಸೂರಕ್ಕಿಗಳು ಬಿಡದೆ ಬರುತ್ತಿದ್ದವು. ಕತ್ತಾಳೆಯನ್ನು ಅಂಗಳಕ್ಕೆ ಸೇರಿಸಲಿಲ್ಲ: ಮುಳ್ಳಿನ ತುದಿ ಆಡುವ ಮಕ್ಕಳ ಕಣ್ಣಿನ ಮಟ್ಟಕ್ಕೇ ಇರುತ್ತದೆ, ಮರಿಗಳು ಬಿಡದೆ ಹಬ್ಬುತ್ತವೆ.

ಹಬ್ಬುವ ವಿದೇಶಿ ಗಿಡ ಎಂದಾಗ ಅವರು ಡಬ್ಬಗಳ್ಳಿಯ ಪ್ರಸಂಗ ತೆಗೆಯುತ್ತಿದ್ದರು. ದಕ್ಷಿಣ ಭಾರತದ ಹೊಲ-ಗೋಮಾಳಗಳನ್ನು ನುಂಗಿದ್ದ ಆ ಕಳ್ಳಿಯನ್ನು ಹಿಮ್ಮೆಟ್ಟಿಸಿದ್ದು 1926ರಲ್ಲಿ ಸಿಂಹಳದಿಂದ ತಂದುಬಿಟ್ಟ ಒಂದು ಸಣ್ಣ ಕೊಚಿನೀಲ್ ಕೀಟ. ಕೊಡಲಿ ಸೋತಲ್ಲಿ ಹುಳ ಗೆದ್ದ ಕತೆಯನ್ನು ಹುಡುಗರು ಬಾಯಿ ತೆರೆದು ಕೇಳುತ್ತಿದ್ದರು.

ಎಲೆಗಳ್ಳಿಯ ಪಾಡು ಇದಕ್ಕೆ ತಿರುವುಮುರುವು. ನಾರಾಯಣಪುರದ ಬಸವಸಾಗರ 1982ರಲ್ಲಿ ಮುಗಿದು, ಎಡದಂಡೆ ಕಾಲುವೆಯ ನೀರು ಹಂತಹಂತವಾಗಿ ಸುರಪುರ, ಶಹಾಪುರದ ಹೊಲಗಳಿಗೆ ಬಂದ ಮೇಲೆ ಭತ್ತದ ಗದ್ದೆ ಎದ್ದವು, ಭೂಮಿಯ ಬೆಲೆ ಏರಿತು, ಬದುಗಳು ತೆಳುವಾದವು. ಬದು ತೆಳುವಾದರೆ ಬೇಲಿಗೆ ಜಾಗವಿಲ್ಲ. ಅಜ್ಜಂದಿರು ನೆಟ್ಟ ಕಳ್ಳಿಸಾಲನ್ನು ಜೆಸಿಬಿ ಒಂದು ಬೆಳಗಿನಲ್ಲಿ ಕಿತ್ತು ರಾಶಿ ಹಾಕುವುದನ್ನು ಮಾಸ್ತರರು ಸೈಕಲ್ ನಿಲ್ಲಿಸಿ ನೋಡಿದ್ದಾರೆ. ನೀರಿನ ಬಗ್ಗೆ ಅವರಿಗೆ ತಕರಾರಿರಲಿಲ್ಲ. ಬರ ಕಂಡ ಊರಿನಲ್ಲಿ ಯಾರಿಗಿದ್ದೀತು? ರಾಶಿಯಿಂದ ನಾಲ್ಕು ಒಳ್ಳೆಯ ತುಂಡು ಆರಿಸಿ, ಗೋಣಿಚೀಲದಲ್ಲಿ ಸುತ್ತಿ ಕ್ಯಾರಿಯರಿಗೆ ಕಟ್ಟಿಕೊಂಡು ಬರುತ್ತಿದ್ದರು. ಮನೆಗೆ ಕಳ್ಳಿ ತರಬಾರದು, ಜಗಳ ಬರುತ್ತದೆ ಎಂದು ನೆರೆಯವರು ಹೇಳಿದರೆ, “ಬಾಗಿಲಿಗಿ ಲೋಳೆಸರ ಕಟ್ಟೇನ್ರಿ, ಲೆಕ್ಕ ಚುಕ್ತಾ ಆಗ್ತದ” ಎಂದು ನಗುತ್ತಿದ್ದರು.

ಈಗ ಯಾದಗಿರಿಯಲ್ಲೂ ತಿರುಳುಗಿಡಗಳ ಮಾರಾಟ ಜೋರಾಗಿದೆ. ಕಾಲಿಂಪಾಂಗ್, ಊಟಿಯಂಥ ತಂಪು ಬೆಟ್ಟದೂರುಗಳಲ್ಲಿ ಬೆಳೆದ ಗಿಡ ಪುಟ್ಟ ಪ್ಲಾಸ್ಟಿಕ್ ಕುಂಡದಲ್ಲಿ, ಬಣ್ಣದ ಕಲ್ಲು ಅಂಟಿಸಿಕೊಂಡು ಕೊರಿಯರ್‌ನಲ್ಲಿ ಬರುತ್ತದೆ. ಮೇಲೆ ಅಂಟಿಸಿದ ಚೀಟಿಯಲ್ಲಿ ‘ನೀರು ಕಡಿಮೆ, ಬಿಸಿಲು ಹೆಚ್ಚು’ ಎಂದಷ್ಟೇ ಇರುತ್ತದೆ. ಎಲ್ಲ ಗಿಡಕ್ಕೂ ಒಂದೇ ಚೀಟಿ. ಅದು ಅರ್ಧ ಮಾತು. ಯಾವ ತಿಂಗಳಲ್ಲಿ ನೀರು ಕಡಿಮೆ ಎಂಬುದನ್ನು ಬರೆಯದೆ ಗಿಡ ಮಾರುವುದು ಸರಿಯಲ್ಲ.

ಹಾಗಾಗಿ ಈ ಸೀಮೆಯ ಓದುಗರಲ್ಲಿ ಒಂದು ಮಾತು. ಮರದಂತೆ ಕಾಂಡ ಕಟ್ಟಿ ಗುಲಾಬಿಯಂತೆ ಎಲೆ ಅರಳಿಸಿದ ಗಿಡ ಜೂನ್‌ನಲ್ಲಿ ಎಷ್ಟೇ ಅಗ್ಗವಾಗಿ ಸಿಕ್ಕರೂ, ಎಲೆಯ ಅಂಚಿನಲ್ಲಿ ಆ ಸಣ್ಣ ರೋಮಗಳಿವೆಯೇ ನೋಡಿ. ಇದ್ದರೆ ಚಿತ್ತಿ ಮಳೆ ಮುಗಿಯುವವರೆಗೆ ಕೊಳ್ಳಬೇಡಿ. ಕಟ್ಟೆ ಈಗಲೇ ಕಟ್ಟಿಡಿ. ನಿಮ್ಮ ಬದುವಿನ ಕಳ್ಳಿಸಾಲು ಕೀಳಿಸುವುದಿದ್ದರೆ ಒಂದೆರಡು ತುಂಡನ್ನಾದರೂ ಉಳಿಸಿಕೊಂಡು, ಹಾಲು ಒಣಗಿದ ಮೇಲೆ ಆ ಕಟ್ಟೆಯ ಹಿಂಬದಿಗೆ ನೆಡಿ. ಕಡಿಯುವಾಗ ಕಣ್ಣಿಗೆ ಕನ್ನಡಕ, ಪಕ್ಕದಲ್ಲಿ ಒಂದು ಕೊಡ ನೀರು ಇರಲಿ.